ಮೊದಲು ಸರಿದ ಮುಳ್ಳು



ಡಿಸಿಎಸ್ ಎಂಬ ಕಂಪ್ಯೂಟರ್ ಸಿಮ್ಯುಲೇಟರಿನಲ್ಲಿ ಎರಡನೆಯ ಮಹಾಯುದ್ಧದ ಕಾಲದ ಮಸ್ಟಾಂಗ್ ವಿಮಾನವನ್ನು ಹಾರಿಸುತ್ತಿರುವ ನೀನು, ಥ್ರಾಟ್ಲನ್ನು ಕಡೆಯವರೆಗೆ ತಳ್ಳಿದರೂ ಎಂಜಿನ್ನಿಗೆ ಬಲ ಬರುತ್ತಿಲ್ಲವೆಂದೂ, ಬಂದ ದಿನ ಸ್ವಲ್ಪ ಹೊತ್ತಿನಲ್ಲೇ ಹೊಗೆಯುಗುಳಿ ನಿಂತುಹೋಗುತ್ತದೆಂದೂ, ಆದಕಾರಣ ಸಿಮ್ಯುಲೇಟರಿನ ರಚನೆಯಲ್ಲಿಯೇ ದೋಷವಿರಬೇಕೆಂದೂ ನೊಂದು ಬರೆದಿದ್ದೀಯೆ. ಇದೇ ಕೊರಗು ಇನ್ನೂ ಅನೇಕ ತರುಣರಲ್ಲಿರುವುದರಿಂದ ಉತ್ತರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ದೋಷವನ್ನು ಯಾರ ಮೇಲಾದರೂ ಹೊರಿಸುವ ಮುನ್ನ, ಫಲಕದ ಮೇಲಿನ ಮುಳ್ಳುಗಳಲ್ಲಿ ಯಾವುದು ಮೊದಲು ತನ್ನ ಸ್ಥಾನದಿಂದ ಸರಿಯಿತೆಂಬುದನ್ನು ನೋಡು. ಚಿತ್ರ ತಡೆತಡೆದು ಚಲಿಸುವುದು ಕಂಪ್ಯೂಟರಿನ ಆಯಾಸ. ಅದರ ಚಿಕಿತ್ಸೆ ಬೇರೆ, ಅದನ್ನು ಇಲ್ಲಿಗೆ ತರಬೇಡ.

ಪಿ-51ಡಿ ಮಸ್ಟಾಂಗಿನಲ್ಲಿರುವುದು ರೋಲ್ಸ್-ರಾಯ್ಸ್ ಸಂಸ್ಥೆಯ ಮರ್ಲಿನ್ ಎಂಜಿನ್. ಅಮೆರಿಕದ ಪ್ಯಾಕರ್ಡ್ ಸಂಸ್ಥೆ ಪರವಾನಗಿ ಪಡೆದು ನಿರ್ಮಿಸಿದ್ದು. ಇದರ ಬಲವನ್ನರಿಯಲು ಎರಡು ಮಾಪಕಗಳನ್ನು ಒಟ್ಟಿಗೆ ಓದಬೇಕು: ನಿಮಿಷಕ್ಕೆ ಎಷ್ಟು ಸುತ್ತೆಂದು ಹೇಳುವ ಆರ್‌ಪಿಎಂ ಮಾಪಕವೊಂದು, ಸಿಲಿಂಡರುಗಳಿಗೆ ನುಗ್ಗುವ ಮಿಶ್ರಣದ ಒತ್ತಡವನ್ನು ಪಾದರಸದ ಅಂಗುಲಗಳಲ್ಲಿ ತೋರಿಸುವ ಮ್ಯಾನಿಫೋಲ್ಡ್ ಮಾಪಕವೊಂದು. ಸುತ್ತು ಏರಿತೆಂದರೆ ಬಲವೂ ಏರಿತೆಂದು ಕಾರು ಬೈಕುಗಳಲ್ಲಿ ಎಣಿಸಿ ರೂಢಿಯಾದ ನಾವು ಇಲ್ಲಿ ಮೋಸಹೋಗುತ್ತೇವೆ. ಏಕೆಂದರೆ ಮಸ್ಟಾಂಗಿನ ಪ್ರೊಪೆಲರು ತನ್ನ ಅಲಗುಗಳ ಕೋನವನ್ನು ತಾನೇ ಬದಲಿಸಿಕೊಳ್ಳುತ್ತ, ನೀನು ಲಿವರಿನಿಂದ ಗೊತ್ತುಮಾಡಿದ ಸುತ್ತನ್ನು, ಥ್ರಾಟ್ಲು ಹೆಚ್ಚಲಿ ತಗ್ಗಲಿ, ಬಹುಮಟ್ಟಿಗೆ ಕಾಪಾಡಿಕೊಂಡಿರುತ್ತದೆ. ಎಂಜಿನ್ ನಿಂತಿರುವಾಗ ಮ್ಯಾನಿಫೋಲ್ಡ್ ಮಾಪಕ ಸೊನ್ನೆಯನ್ನು ತೋರಿಸುವುದಿಲ್ಲ. ಸಮುದ್ರಮಟ್ಟದ ನಿಲ್ದಾಣದಲ್ಲಿ 30ರ ಸಮೀಪದಲ್ಲಿರುತ್ತದೆ, ಅದು ವಾತಾವರಣದ ಒತ್ತಡ. ನೆಲ ಬಿಟ್ಟೇಳುವಾಗ ಬೇಕಾದುದು 3000 ಸುತ್ತು, 61 ಅಂಗುಲ. ವಾತಾವರಣ ಕೊಡುವುದರ ಇಮ್ಮಡಿಯನ್ನು ಸೂಪರ್‌ಚಾರ್ಜರು ಒತ್ತಿ ತುಂಬುತ್ತದೆಯೆಂದಾಯಿತು.

ಸುತ್ತು 3000ಕ್ಕೆ ಮುಟ್ಟದೆ 2400ರಲ್ಲೋ 2500ರಲ್ಲೋ ನಿಂತಿದ್ದರೆ ಎಂಜಿನ್ನನ್ನು ಬಿಟ್ಟು ನಿನ್ನ ಮೇಜನ್ನು ಪರೀಕ್ಷಿಸು. ಹೊಸದಾಗಿ ಜೋಡಿಸಿದ ಪ್ರತಿಯೊಂದು ಸಾಧನಕ್ಕೂ ಸಿಮ್ಯುಲೇಟರು ತಾನಾಗಿ ಕೆಲವು ಆಕ್ಸಿಸ್‌ಗಳನ್ನು, ಎಂದರೆ ಚಲನೆಯ ಆಜ್ಞೆಗಳನ್ನು, ಹಂಚಿಬಿಡುವುದುಂಟು. ಹೀಗಾಗಿ ಸುತ್ತನ್ನು ಗೊತ್ತುಮಾಡುವ ಒಂದೇ ಲಿವರು ಜಾಯ್‌ಸ್ಟಿಕ್ಕಿನ ಮಾತನ್ನೂ ಕಾಲಿನ ಪೆಡಲಿನ ಮಾತನ್ನೂ ಕೇಳುತ್ತ, ಕೈ ಮುಂದಕ್ಕೆ ಒಯ್ದುದನ್ನು ಕಾಲು ಹಿಂದಕ್ಕೆಳೆಯುತ್ತಿರುತ್ತದೆ. ಬಲಗಡೆಯ ಕಂಟ್ರೋಲ್ ಕೀಲಿಯೊಡನೆ ಎಂಟರ್ ಒತ್ತಿದರೆ ಮೂಡುವ ಚಿಕ್ಕ ಚೌಕದಲ್ಲಿ ನಿನ್ನ ಆಜ್ಞೆ ಎಲ್ಲಿಯವರೆಗೆ ತಲಪಿದೆಯೆಂದು ಕಾಣುತ್ತದೆ. ಅಷ್ಟಕ್ಕೇ ತೃಪ್ತನಾಗದೆ, ಕಾಕ್‌ಪಿಟ್ಟಿನ ಎಡಬದಿಗೆ ತಲೆ ಹೊರಳಿಸಿ ಅಲ್ಲಿಯ ಲಿವರು ನಿಜವಾಗಿ ಕೊನೆ ಮುಟ್ಟಿದೆಯೇ ಎಂದು ಕಣ್ಣಾರೆ ನೋಡು. ನನ್ನ ತಿಳಿವಳಿಕೆಯಲ್ಲಿ ಬಲಹೀನತೆಯ ದೂರುಗಳಲ್ಲಿ ಬಹುಪಾಲು ಇಲ್ಲಿಯೇ ಮುಗಿಯುತ್ತವೆ.

ಸುತ್ತು ಸರಿಯಿದ್ದು ಅಂಗುಲ ಮಾತ್ರ ಕುಗ್ಗಿದ್ದರೆ ಎತ್ತರವನ್ನು ನೋಡು. ಮೇಲೇರಿದಂತೆ ಗಾಳಿ ವಿರಳವಾಗುತ್ತದೆ. ಅಲಿಸನ್ ಎಂಜಿನ್ನಿದ್ದ ಮೊದಲ ಮಸ್ಟಾಂಗುಗಳು ಈ ಕಾರಣದಿಂದಲೇ ಎತ್ತರದಲ್ಲಿ ನಿಸ್ತೇಜವಾಗುತ್ತಿದ್ದುವು. 1942ರಲ್ಲಿ ಇಂಗ್ಲೆಂಡಿನಲ್ಲಿ ಮರ್ಲಿನ್ನನ್ನು ಅಳವಡಿಸಿದ ಮೇಲಲ್ಲವೆ ಆ ವಿಮಾನಕ್ಕೆ ಕೀರ್ತಿ ಬಂದುದು! ನಿನ್ನ ಸೂಪರ್‌ಚಾರ್ಜರಿಗೆ ಎರಡು ವೇಗಗಳುಂಟು. 14,500ರಿಂದ 19,500 ಅಡಿಗಳ ನಡುವೆ ಎಲ್ಲಿಯೋ ಅದು ತಾನಾಗಿ ಮೇಲಿನ ವೇಗಕ್ಕೆ ಹೊರಳುತ್ತದೆ, ಸ್ವಿಚ್ಚು ಆಟೋದಲ್ಲಿದ್ದರೆ. ಎರಡು ಮುಳ್ಳುಗಳೂ ನೆಟ್ಟಗಿದ್ದು ವೇಗ ಮಾತ್ರ ಬಾರದಿದ್ದರೆ, ಚಕ್ರ, ಫ್ಲ್ಯಾಪು, ರಡ್ಡರಿನ ಟ್ರಿಮ್ಮುಗಳನ್ನು ನೋಡು, ಎಂಜಿನ್ನು ನಿರಪರಾಧಿ.

ಇನ್ನು ಹೊಗೆಯ ವಿಚಾರ. 61 ಅಂಗುಲಕ್ಕೆ 15 ನಿಮಿಷ, ಅದರಾಚೆಯ 67ಕ್ಕೆ ಕೇವಲ 5 ನಿಮಿಷ ಎಂಬುದು ಆ ಕಾಲದ ವೈಮಾನಿಕರಿಗೂ ಇದ್ದ ಕಟ್ಟಳೆ. ದೀರ್ಘಕಾಲ ನಿಶ್ಚಿಂತವಾಗಿ ಹಾರಲು 2700 ಸುತ್ತು, 46 ಅಂಗುಲ. ಆದರೆ ಗಡಿಯಾರಕ್ಕಿಂತ ಮುಖ್ಯವಾದುದು ಕೂಲೆಂಟಿನ ಮುಳ್ಳು. 100ರಿಂದ 110 ಡಿಗ್ರಿ ಸೆಲ್ಸಿಯಸ್ ಅದರ ನೆಮ್ಮದಿಯ ನೆಲೆ, 121 ಅದರ ಪರಮಾವಧಿ. ರೇಡಿಯೇಟರು ವಿಮಾನದ ಹೊಟ್ಟೆಯಡಿಯಲ್ಲಿದ್ದು ಮುನ್ನುಗ್ಗುವ ಗಾಳಿಯಿಂದಲೇ ತಣ್ಣಗಾಗಬೇಕಾದುದರಿಂದ, ಶತ್ರುವಿನ ಬೆನ್ನಟ್ಟುವ ಆವೇಶದಲ್ಲಿ ಮೂತಿಯನ್ನು ಆಕಾಶಕ್ಕೆತ್ತಿ, ಪೂರ್ಣ ಥ್ರಾಟ್ಲಿನಲ್ಲಿ, ವೇಗ ಕರಗುತ್ತಿರುವುದನ್ನು ಗಮನಿಸದೆ ಏರುತ್ತಲೇ ಹೋದರೆ, ಅತ್ಯಧಿಕ ಉಷ್ಣ ಹುಟ್ಟುವ ಗಳಿಗೆಯಲ್ಲಿಯೇ ಅತ್ಯಲ್ಪ ಗಾಳಿ ದೊರೆತು ಕೂಲೆಂಟು ಕುದಿದು ಹೊರಚೆಲ್ಲುತ್ತದೆ. ಮುಳ್ಳು 115 ದಾಟಿದೊಡನೆ ಮೂತಿ ತಗ್ಗಿಸಿ ವೇಗ ಗಳಿಸು, ರೇಡಿಯೇಟರಿನ ಬಾಗಿಲನ್ನು ಕೈಯಾರೆ ತೆರೆ, ಬಲವನ್ನು ಇಳಿಸು. ಇಳಿಸುವಾಗ ಥ್ರಾಟ್ಲು ಮೊದಲು, ಸುತ್ತು ಆಮೇಲೆ. ಏರಿಸುವಾಗ ಇದರ ವಿಪರ್ಯಯ. ಕಡಿಮೆ ಸುತ್ತಿನಲ್ಲಿ ಹೆಚ್ಚು ಒತ್ತಡ ತುಂಬಿದರೆ ಮಿಶ್ರಣ ಅಕಾಲದಲ್ಲಿ ಸಿಡಿದು ಪಿಸ್ಟನ್ನುಗಳು ಹಾಳಾಗುತ್ತವೆ.

ಮುಂದೆಂದಾದರೂ 1940ರ ಬ್ರಿಟನ್ ಕದನದ ಸ್ಪಿಟ್‌ಫೈರನ್ನು ನೀನು ಹಾರಿಸಿದರೆ, ಮೂತಿಯನ್ನು ಥಟ್ಟನೆ ಕೆಳಕ್ಕೆ ತಳ್ಳಿದಾಗ ಎಂಜಿನ್ ಕೆಮ್ಮಿ ಕಂಗೆಡಿಸೀತು. ಅದನ್ನು ದೋಷವೆನ್ನಬೇಡ. ಅಂದಿನ ಮರ್ಲಿನ್ನಿನ ಕಾರ್ಬ್ಯುರೇಟರಿನಲ್ಲಿ ಆ ಕ್ಷಣಕ್ಕೆ ಪೆಟ್ರೋಲು ಮೇಲಕ್ಕೆ ಚಿಮ್ಮಿ ಎಂಜಿನ್ನಿಗೆ ಮೊದಲು ಬರ, ಆಮೇಲೆ ಪ್ರವಾಹ. ನೇರವಾಗಿ ಇಂಧನವನ್ನು ಒಳಚಿಮ್ಮುವ ಎಂಜಿನ್ನಿದ್ದ ಮೆಸ್ಸರ್‌ಶ್ಮಿಟ್ 109 ಧುಮುಕಿ ತಪ್ಪಿಸಿಕೊಳ್ಳುತ್ತಿದ್ದಾಗ, ಬ್ರಿಟಿಷ್ ತರುಣರು ವಿಮಾನವನ್ನು ಮಗುಚಿಕೊಂಡು ಬೆನ್ನಟ್ಟಬೇಕಾಗುತ್ತಿತ್ತು. ಫಾರ್ನ್‌ಬರೋದ ಸಂಶೋಧನಾಲಯದ ಬಿಯಾಟ್ರಿಸ್ ಶಿಲಿಂಗ್ ಎಂಬ ಮಹಿಳಾ ಎಂಜಿನಿಯರು ನಡುವೆ ರಂಧ್ರವಿದ್ದ ಪುಟ್ಟ ಲೋಹದ ಬಿಲ್ಲೆಯೊಂದರಿಂದ ಆ ಪ್ರವಾಹವನ್ನು ತಡೆದು, 1941ರಲ್ಲಿ ವಿಮಾನನೆಲೆಗಳಿಗೆ ತಾವೇ ಹೋಗಿ ಅದನ್ನು ಅಳವಡಿಸಿದರು. ದೋಷ ಪತ್ತೆಮಾಡುವ ವಿದ್ಯೆಯಲ್ಲಿ ನಾನು ಗೌರವಿಸುವ ಹೆಸರುಗಳಲ್ಲಿ ಅವರದು ಮೊದಲನೆಯದು.

ನಿನ್ನ ಮಸ್ಟಾಂಗಿನ ಕಾರ್ಬ್ಯುರೇಟರು ಬೇರೆ ಬಗೆಯದು. ಅದು ಕೆಮ್ಮಿದರೆ ಟ್ಯಾಂಕು ಬರಿದಾಗಿರುವ ಸಂಭವ ಹೆಚ್ಚು. ರೆಕ್ಕೆಗಳಲ್ಲಿ 92 ಗ್ಯಾಲನ್ನಿನ ಎರಡು, ಬೆನ್ನ ಹಿಂದೆ 85ರದೊಂದು. ಸೆಲೆಕ್ಟರನ್ನು ತುಂಬಿದ ಟ್ಯಾಂಕಿಗೆ ತಿರುಗಿಸಿ, ಬೂಸ್ಟರ್ ಪಂಪು ಹಾಕಿದೆಯೆಂದು ಖಚಿತಪಡಿಸಿಕೊ. ಇಷ್ಟೆಲ್ಲ ಮಾಡಿಯೂ ಬಗೆಹರಿಯದಿದ್ದರೆ, ಕೆಟ್ಟ ಗಳಿಗೆಯಲ್ಲಿ ಪಾಸ್ ಒತ್ತಿ, ಎತ್ತರ, ಸುತ್ತು, ಅಂಗುಲ, ಕೂಲೆಂಟಿನ ಉಷ್ಣತೆ ಇವನ್ನು ಬರೆದುಕೊಂಡು ನನಗೆ ಕಳುಹಿಸು, ಕೂಡಿ ನೋಡೋಣ.

ನಿನ್ನ ಹಿತಚಿಂತಕ