ಮೊದಲು ಆಟ, ಆಮೇಲೆ ಸೌಂಡ್ ಕಾರ್ಡ್

ಹಳೆಯ ಡಾಸ್ ಆಟಗಳಿಗೆಂದು ಸೌಂಡ್ ಕಾರ್ಡ್ ಕೊಳ್ಳುವ ಮುನ್ನ, ಆಡಬೇಕೆಂದಿರುವ ಆಟಗಳ ಪಟ್ಟಿ ಮಾಡಿ, ಒಂದೊಂದರ ಎದುರೂ ಅದು ಬಂದ ವರ್ಷ ಬರೆದುಕೊಳ್ಳಿ. ಎಲ್ಲಕ್ಕೂ ಒಪ್ಪುವ ಒಂದೇ ಸಾಧನ ಎಂಬುದಿಲ್ಲ; ಆಯಾ ಕಾಲದ ಸಂಗೀತಗಾರರು ತಮ್ಮೆದುರಿಗಿದ್ದ ಯಂತ್ರಕ್ಕೆ ತಕ್ಕಂತೆ ಸಂಗೀತ ಹೊಸೆದಿದ್ದಾರೆ. 1988ರ ‘ಕಿಂಗ್ಸ್ ಕ್ವೆಸ್ಟ್ 4’ರಂಥ ಸಿಯೆರಾ ಕಂಪನಿಯ ಆಟಗಳು ರೋಲ್ಯಾಂಡ್ ಎಂಟಿ-32 ಎಂಬ ಮಿಡಿ ಸಂಗೀತ ಯಂತ್ರಕ್ಕೆ ತಮ್ಮದೇ ದನಿಗಳನ್ನು ತುಂಬಿ ನುಡಿಸುತ್ತವೆ. 1991ರಲ್ಲಿ ಜನರಲ್ ಮಿಡಿ ಎಂಬ ಮಾನದಂಡ ಬಂದು 128 ವಾದ್ಯಗಳ ಕ್ರಮ ನಿಗದಿಯಾಯಿತು; 1993ರ ‘ಡೂಮ್’ನಂಥವಕ್ಕೆ ರೋಲ್ಯಾಂಡ್ ಎಸ್‌ಸಿ-55 ಯಂತ್ರ ಸರಿಹೊಂದುತ್ತದೆ. ಅದೇ ಸಂಗೀತವನ್ನು ಎಂಟಿ-32ರಲ್ಲಿ ಹಾಗೇ ನುಡಿಸಿದರೆ ವಾದ್ಯಗಳೆಲ್ಲ ಅದಲುಬದಲು.

ಎಸ್‌ಸಿ-55ರಲ್ಲೇ ಎಂಟಿ-32 ಮೋಡ್ ಇದೆಯಲ್ಲ ಎನ್ನಬಹುದು. ಅದು ವಾದ್ಯಗಳ ಕ್ರಮವನ್ನಷ್ಟೇ ಅನುಕರಿಸುತ್ತದೆ, ಆಟ ಕಳಿಸುವ ಹೊಸ ದನಿಗಳನ್ನು ಸ್ವೀಕರಿಸದು. ದುಬಾರಿ ಯಂತ್ರವೇಕೆ, ಡಾಸ್ ಅನುಕರಿಸುವ ಡಾಸ್‌ಬಾಕ್ಸ್ ಮತ್ತು ಎಂಟಿ-32 ಅನುಕರಿಸುವ ಮಂಟ್ ತಂತ್ರಾಂಶ ಸಾಲದೇ ಎಂಬ ಆಕ್ಷೇಪ ಮಾತ್ರ ನ್ಯಾಯವಾದದ್ದೇ. ಮೊದಲು ಅವುಗಳಲ್ಲೇ ಕೇಳಿ, ಯಾವುದು ಹಿಡಿಸಿತೆಂದು ನಿರ್ಧರಿಸಿ. ಹಳೆಯ ಕಂಪ್ಯೂಟರಿನಲ್ಲೇ ಆಡುವವರು ಸಂಗೀತ ನುಡಿಸುವ ಒಪಿಎಲ್3 ಚಿಪ್ ಇರುವ, ಸೌಂಡ್ ಬ್ಲಾಸ್ಟರ್‌ಗೆ ಹೊಂದುವ ಕಾರ್ಡಿನಿಂದ ಶುರುಮಾಡಿ. ಏಕೆಂದರೆ ಧ್ವನಿಮುದ್ರಿತ ಮಾತು, ಗುಂಡಿನ ಸದ್ದು ಮಿಡಿ ಯಂತ್ರದಿಂದ ಬರುವುದಿಲ್ಲ, ಕಾರ್ಡೇ ನುಡಿಸಬೇಕು. ಮಿಡಿ ಯಂತ್ರಕ್ಕೆ ದುಡ್ಡು ಹಾಕುವ ಮಾತು ಆಮೇಲಿನದು.