ಹೊಸ ಕೋಳಿ, ಹಳೆ ಗೂಡು



ಬಂಧುಗಳೇ, ಇಂದಿನ ಚಿಂತನೆ ನಮ್ಮ ಮನೆಯ ಹಿತ್ತಲಿನಿಂದ ಬಂದದ್ದು.

ಮಳವಳ್ಳಿ ಸೀಮೆಯ ನಮ್ಮ ಮನೆಯಲ್ಲಿ ಅವ್ವ ಸಾಕಿದ ಐದು ನಾಟಿ ಹ್ಯಾಟೆ, ಒಂದು ಹುಂಜ ಇವೆ. ಮೊಟ್ಟೆ ಸಾಲುತ್ತಿಲ್ಲವೆಂದು ನಾನು ಮೂರು ಗಿರಿರಾಜ ಹ್ಯಾಟೆ ತಂದೆ. ಗಿರಿರಾಜ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಪಡಿಸಿದ ತಳಿ. ಹಿತ್ತಲಲ್ಲೇ ಮೇಯುತ್ತದೆ, ನಾಟಿಗಿಂತ ಹೆಚ್ಚು ಮೊಟ್ಟೆ ಇಡುತ್ತದೆ. ಶಾಲೆಗೆ ಹೊತ್ತಾಯಿತೆಂದು ಬೆಳಗ್ಗೆಯೇ ಮಂಕರಿ ಬಿಚ್ಚಿ, ಹಳೆಯವುಗಳ ನಡುವೆ ಬಿಟ್ಟು ಹೊರಟುಹೋದೆ.

ಸಂಜೆ ಬಂದಾಗ ಒಂದರ ಜುಟ್ಟು ರಕ್ತವಾಗಿತ್ತು. ಒಂದು ಸೌದೆ ಒಟ್ಟಿನ ಸಂದಿಯಲ್ಲಿ ನಡುಗುತ್ತಿತ್ತು. ಮೂರನೆಯದು ಸತ್ತಿತ್ತು.

ಅವ್ವ ಬೈದಳು: "ಹೊಸ ಕೋಳಿಯ ಹಗಲೊತ್ತು ಹಿಂಗೆ ಬುಟ್ಬುಟ್ಟಾರಾ ಮಗ? ಮೇಷ್ಟ್ರಾಗಿ ಅದೇನ್ ಓದಿದ್ದೀಯೋ!"

ಅವ್ವ ಹೇಳಿದ್ದನ್ನೂ ಪಶು ಆಸ್ಪತ್ರೆಯಲ್ಲಿ ಕೇಳಿಕೊಂಡದ್ದನ್ನೂ ಸೇರಿಸಿ ಆಮೇಲೆ ಮಾಡಿದ್ದು ಇಷ್ಟು. ಕೋಳಿ ಸಾಕುವವರಿಗೆ ಉಪಯೋಗವಾದೀತು.

1. ಹೊಸ ಕೋಳಿಯನ್ನು ಮೂರರಿಂದ ನಾಲ್ಕು ವಾರ ದೂರದಲ್ಲಿ, ಬೇರೆ ಗೂಡಿನಲ್ಲಿ ಇಡಬೇಕು. ಇದು ಅಸ್ಪೃಶ್ಯತೆಯಲ್ಲ, ರೋಗದ ಎಚ್ಚರಿಕೆ. ಕೊಕ್ಕರೆ ರೋಗ ಹೊಕ್ಕರೆ ಇಡೀ ಹಟ್ಟಿಯ ಕೋಳಿ ಖಾಲಿಯಾಗುತ್ತದೆ. ಲಸಿಕೆ ಆಗಿದೆಯೇ ವಿಚಾರಿಸಿ. ಮೂಗು, ಕಣ್ಣು, ಹಿಕ್ಕೆ ನೋಡುತ್ತಿರಿ. ಮೊದಲು ಹಳೆಯವಕ್ಕೆ ಮೇವು ಹಾಕಿ, ಆಮೇಲೆ ಹೊಸವಕ್ಕೆ ಹಾಕಿ ಕೈ ತೊಳೆಯಿರಿ.

2. ಆಮೇಲೆ ಒಂದೆರಡು ವಾರ ನಡುವೆ ಜಾಲರಿ ಕಟ್ಟಿ, ಅಕ್ಕಪಕ್ಕ ಇಡಿ. ಒಂದನ್ನೊಂದು ನೋಡಲಿ, ಕುಕ್ಕಲು ಮಾತ್ರ ಸಿಗದಿರಲಿ.

3. ಸೇರಿಸುವಾಗ ಒಂಟಿ ಕೋಳಿ ಬೇಡ, ಜೊತೆಗೊಂದಿರಲಿ. ಕತ್ತಲಾದ ಮೇಲೆ, ಹಳೆಯವು ಮಲಗಿದಾಗ, ಮೆಲ್ಲಗೆ ಪಕ್ಕದಲ್ಲಿ ಕೂರಿಸಿ. ಮಾರನೆಯ ಬೆಳಿಗ್ಗೆ ನೀವು ಹತ್ತಿರವೇ ಇರಿ.

4. ನುಚ್ಚು, ನೀರು ಎರಡು ಮೂರು ಕಡೆ ಇಡಿ. ಓಡಿ ಅವಿತುಕೊಳ್ಳಲು ಒಂದು ಮರೆ ಇರಲಿ. ಸ್ವಲ್ಪ ಕುಕ್ಕಾಟ ಇದ್ದೇ ಇರುತ್ತದೆ. ರಕ್ತ ಕಂಡರೆ ತಕ್ಷಣ ಬೇರೆ ಮಾಡಿ, ಏಕೆಂದರೆ ರಕ್ತ ಕಂಡ ಕಡೆಯೇ ಮಿಕ್ಕವೂ ಕುಕ್ಕುತ್ತವೆ.

ಉಳಿದ ಎರಡು ಹೀಗೆ ಬದುಕಿದವು. ಆದರೆ ಅಷ್ಟೂ ದಿನ ನನ್ನನ್ನು ಕಾಡಿದ್ದು ಬೇರೆ. ಜಾಲರಿಯ ಆಚೆಯಿಂದ ಹೊಸವನ್ನು ಕುಕ್ಕಲು ಹೆಚ್ಚು ಹಾತೊರೆಯುತ್ತಿದ್ದದ್ದು ಗುಂಪಿನ ಯಜಮಾನಿ ಹ್ಯಾಟೆಯಲ್ಲ. ಅದುವರೆಗೆ ಎಲ್ಲವುಗಳಿಂದ ಕುಕ್ಕಿಸಿಕೊಂಡು ಕಡೆಗೆ ಉಂಡು ಬದುಕಿದ್ದ, ರೆಕ್ಕೆ ಹರಿದ ಹ್ಯಾಟೆ!

ಕೋಳಿಗಳಲ್ಲಿ ಹೀಗೊಂದು ಕುಕ್ಕುವ ಶ್ರೇಣಿ ಇದೆಯೆಂದು 1920ರ ದಶಕದ ಆರಂಭದಲ್ಲಿ ನಾರ್ವೆಯ ವಿಜ್ಞಾನಿ ಶೆಲ್ಡೆರುಪ್-ಎಬ್ಬೆ ಬರೆದರು. ಮೇಲಿನದು ಕೆಳಗಿನದನ್ನು, ಅದು ಅದರ ಕೆಳಗಿನದನ್ನು ಕುಕ್ಕುತ್ತದೆ. ನಮ್ಮ ಸಮಾಜದ ಇಂಥದೇ ಏಣಿಯನ್ನು ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ತುಳಿಸಿಕೊಂಡವನಿಗೂ ತುಳಿಯಲು ಇನ್ನೊಬ್ಬ ಸಿಗುವುದರಿಂದಲೇ ಆ ಏಣಿ ಬೀಳದೆ ನಿಂತಿದೆ.

ಈಗ ನನ್ನ ತಪ್ಪು ಹೇಳುತ್ತೇನೆ. ಕಳೆದ ತಿಂಗಳು ನಮ್ಮ ಭಾನುವಾರದ ವಂದನೆಗೆ ಒಂದು ಹೊಸ ಕುಟುಂಬ ಬಂದಿತ್ತು. ಚಹಾ ಕೊಡುತ್ತಾ ನಾನೇ ಕೇಳಿದೆ: "ನೀವು ನಮ್ಮಲ್ಲಿ ಯಾವ ಕಡೆಯವರು?" ಎಡಗೈಯೋ ಬಲಗೈಯೋ ಎಂಬುದೇ ಆ ಪ್ರಶ್ನೆಯ ಅರ್ಥ. ಆ ತಾಯಿ ಉತ್ತರ ಹೇಳಿ ಲೋಟ ಕೆಳಗಿಟ್ಟರು. ಮುಂದಿನ ಎರಡು ಭಾನುವಾರ ಅವರು ಬರಲಿಲ್ಲ. ಇಪ್ಪತ್ತೆರಡು ಪ್ರತಿಜ್ಞೆಗಳನ್ನು ಬಾಯಿಪಾಠ ಒಪ್ಪಿಸುವ ನಾನು, ಆ ರೆಕ್ಕೆ ಹರಿದ ಹ್ಯಾಟೆಯಂತೆಯೇ ನಡೆದುಕೊಂಡಿದ್ದೆ.

ವಾಸೆಟ್ಠ ಸುತ್ತದಲ್ಲಿ ಭಗವಾನರು ಇದನ್ನೇ ಬಿಡಿಸಿ ಹೇಳುತ್ತಾರೆ. ಹುಲ್ಲು, ಹುಳು, ಹಕ್ಕಿ, ಮೃಗಗಳಲ್ಲಿ ಜಾತಿಯ ಗುರುತು ಮೈಮೇಲೆಯೇ ಕಾಣುತ್ತದೆ, ಮನುಷ್ಯರಲ್ಲಿ ಅಂಥ ಗುರುತಿಲ್ಲ. ಕೋಳಿಯ ಶ್ರೇಣಿ ಅದರ ಸ್ವಭಾವ. ನಾವು ಜಾಲರಿ ಕಟ್ಟಿ ರಕ್ತ ಹರಿಯದಂತೆ ನೋಡಿಕೊಳ್ಳಬಹುದು, ಅಷ್ಟೆ. ಮನುಷ್ಯರ ಏಣಿ ಮನುಷ್ಯರೇ ಮಾಡಿದ್ದು, ಆದ್ದರಿಂದ ಇಳಿಸಲೂ ಬರುತ್ತದೆ.

ಇಳಿಸುವುದು ಹೇಗೆ? ಅನುಪಿಯದಲ್ಲಿ ಶಾಕ್ಯ ರಾಜಕುಮಾರರು ದೀಕ್ಷೆಗೆ ಬಂದಾಗ ಜೊತೆಗೆ ಕ್ಷೌರಿಕ ಉಪಾಲಿಯೂ ಇದ್ದ. ಮೊದಲು ಉಪಾಲಿಗೆ ದೀಕ್ಷೆ ಕೊಡಿ, ಆಗ ನಾವು ಅವನಿಗೆ ನಮಸ್ಕರಿಸಬೇಕಾಗುತ್ತದೆ, ನಮ್ಮ ಶಾಕ್ಯರ ಹೆಮ್ಮೆ ಅಡಗುತ್ತದೆ ಎಂದು ಅವರೇ ಕೇಳಿಕೊಂಡರು. ಸಂಘದಲ್ಲಿ ಮೊದಲು ದೀಕ್ಷೆ ಪಡೆದವನೇ ಹಿರಿಯ. ಮುಂದೆ ರಾಜಗೃಹದ ಮೊದಲ ಸಂಗೀತಿಯಲ್ಲಿ ಇಡೀ ವಿನಯವನ್ನು ಹೇಳಿಕೊಟ್ಟವರು ಅದೇ ಉಪಾಲಿ ಥೇರರು.

ಮೊನ್ನೆ ಆ ಕುಟುಂಬದ ಮನೆಗೆ ಹೋಗಿ, "ತಾಯಿ, ನಾನು ಕೇಳಬಾರದ್ದು ಕೇಳಿದೆ, ತಪ್ಪಾಯಿತು" ಎಂದೆ. ಅವರು ಹೆಚ್ಚು ಮಾತಾಡಲಿಲ್ಲ. "ಕೂತ್ಕಳಿ ಮೇಷ್ಟ್ರೇ" ಎಂದು ನೀರು ಕೊಟ್ಟರು. ಬರುತ್ತೇವೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ.

*ಇಂದಿನ ಅಭ್ಯಾಸ:* ಮದ್ದೂರು, ಮಂಡ್ಯ, ಮಳವಳ್ಳಿಯ ಯಾವ ಬಳಗದಲ್ಲೇ ಆಗಲಿ, ಹೊಸಬರು ಬಂದರೆ ಹೆಸರು ಕೇಳೋಣ, ಊಟವಾಯಿತೇ ಎಂದು ಕೇಳೋಣ. ಅದರಾಚೆಯದು ಬೇಡ. ಮೊದಲ ಮೇಣದಬತ್ತಿ ಅವರ ಕೈಯಿಂದಲೇ ಹಚ್ಚಿಸೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.