ಸೂರ್ಯನ ಸುತ್ತ ಉಂಗುರ ಕಂಡಾಗ

2021ರ ಮೇ 24ರಂದು ಬೆಳಿಗ್ಗೆ 11ರ ಹೊತ್ತಿಗೆ ಬೆಂಗಳೂರಿನ ಆಕಾಶದಲ್ಲಿ ಸೂರ್ಯನ ಸುತ್ತ ಬಣ್ಣದ ಉಂಗುರ ಮೂಡಿತ್ತು. ಬಹಳ ಎತ್ತರದ ತೆಳುಮೋಡಗಳಲ್ಲಿರುವ ಆರು ಮೂಲೆಯ ಹಿಮದ ಹರಳುಗಳು ಬೆಳಕನ್ನು ಸುಮಾರು 22 ಡಿಗ್ರಿ ಬಾಗಿಸಿದಾಗ ಈ ಪರಿವೇಷ ಕಾಣುತ್ತದೆ. ಇದು ಶಕುನವೂ ಅಲ್ಲ, ಅಪಶಕುನವೂ ಅಲ್ಲ.

ಅಪಾಯವಿರುವುದು ನೋಡುವ ರೀತಿಯಲ್ಲಿ. ಬೆರಗಿನಿಂದ ಕತ್ತೆತ್ತಿದವರ ಕಣ್ಣು ಉಂಗುರ ಬಿಟ್ಟು ಸೂರ್ಯನತ್ತಲೇ ಜಾರುತ್ತದೆ. ಅಕ್ಷಿಪಟಲ ಸುಟ್ಟರೂ ನೋವು ತಿಳಿಯದು. ದೃಷ್ಟಿಯ ನಡುವೆ ಮಸುಕು ಕಾಣಿಸಿಕೊಳ್ಳುವುದು ಕೆಲವು ಗಂಟೆಗಳ ಮೇಲೆ. ಕೂಲಿಂಗ್ ಗ್ಲಾಸ್, ಹಳೆಯ ಎಕ್ಸ್‌ರೇ ಹಾಳೆ ಯಾವುದೂ ರಕ್ಷಣೆಯಲ್ಲ. ಬೈನಾಕ್ಯುಲರನ್ನಂತೂ ಮುಟ್ಟಲೇಬಾರದು, ಮಕ್ಕಳ ಕೈಗೂ ಕೊಡಬಾರದು.

ಬೆಂಗಳೂರಿನ ರಾಜಾಜಿನಗರ, ವಿಜಯನಗರದ ತಾರಸಿಗಳಲ್ಲಿ ಉಂಗುರವನ್ನು ಅಪಾಯವಿಲ್ಲದೆ ನೋಡಲು ಸುಲಭದ ದಾರಿಯಿದೆ. ನೀರಿನ ಟ್ಯಾಂಕಿನ ನೆರಳಿನಲ್ಲಿ, ಸೂರ್ಯಬಿಂಬ ಪೂರ್ತಿ ಮರೆಯಾಗುವಂತೆ ನಿಂತರೆ ಉಂಗುರ ಟ್ಯಾಂಕಿನ ಅಂಚಿನಾಚೆ ಕಾಣುತ್ತದೆ. ತೋಳು ಪೂರ್ತಿ ಚಾಚಿ ಹಿಡಿದ ಒಂದು ಗೇಣು ಹೆಚ್ಚುಕಡಿಮೆ ಅದರ ತ್ರಿಜ್ಯ. ಒಳ ಅಂಚಿನ ಕೆಂಪನ್ನು ಗಮನಿಸಬೇಕು, ನಿಜಕ್ಕೂ ಚೆಲುವಾಗಿರುತ್ತದೆ! ಫೋಟೊ ತೆಗೆಯುವುದೂ ಆ ನೆರಳಿನಿಂದಲೇ ಆಗಲಿ.

ಇನ್ನು ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಬರುವ, ಸೂರ್ಯ ನೆತ್ತಿಯ ಮೇಲಿದ್ದು ನೆರಳು ಬುಡದಲ್ಲೇ ಅಡಗುವ ಶೂನ್ಯ ನೆರಳಿನ ದಿನಗಳಲ್ಲಿ ಮೇಲೆ ನೋಡುವ ಅಗತ್ಯವೇ ಇಲ್ಲ. ನಡುಹಗಲು ನೆಟ್ಟಗೆ ನಿಲ್ಲಿಸಿದ ಕೋಲಿನ ಬುಡ ನೋಡಿದರೆ ಸಾಕು. ಬಿಂಬವನ್ನೇ ನೋಡಬೇಕಾದ ಸೂರ್ಯಗ್ರಹಣಕ್ಕೆ ಮಾತ್ರ ಐಎಸ್ಒ 12312-2 ಮಾನದಂಡದ ಗ್ರಹಣ ಕನ್ನಡಕ ಬೇಕು. ಅದರಲ್ಲಿ ಗೀರು ಬಿದ್ದಿದ್ದರೆ ಬಳಸಬಾರದು.